ನಿಮ್ಮದು ಯಾವ ಊರು?

‘ನಿಮ್ಮದು ಯಾವ ಊರು?’ ಎಂಬುದು ನಮ್ಮ ನಾಡಿನಲ್ಲಿ ಪರಿಚಯದ ಮೊದಲ ಮಾತು. ಹಾಸನದ ಸೀಮೆಯಲ್ಲಿ ಅದಕ್ಕೆ ಉತ್ತರ ದೊರೆತೊಡನೆ ಎರಡನೆಯ ಪ್ರಶ್ನೆಯೊಂದು ಬೆನ್ನಿಗೇ ಬರುತ್ತದೆ: ‘ಅದು ಸರಿ, ಮೂಲ ಯಾವುದು?’ ಮೊದಲನೆಯದಕ್ಕೆ ಕಾಲಡಿಯ ನೆಲವು ಉತ್ತರ ಹೇಳುತ್ತದೆ. ಎರಡನೆಯದಕ್ಕೆ ಗತಿಸಿದ ಹಿರಿಯರು ಹೇಳಬೇಕಾಗುತ್ತದೆ. ಎರಡೂ ಉತ್ತರಗಳು ಒಂದೇ ಆಗಿದ್ದವರಿಗೆ ಯಾವ ತೊಡಕೂ ಇಲ್ಲ. ಆದರೆ ಇಂದು ನಮ್ಮ ಸಮಾಜದ ಎಷ್ಟೋ ಮನೆಗಳಲ್ಲಿ ಒಬ್ಬ ಮಗನೋ ಮಗಳೋ ಸಮುದ್ರದಾಚೆ ನೆಲೆಸಿದ್ದಾರೆ. ಅವರ ಮಕ್ಕಳು ಅಲ್ಲಿಯೇ ಹುಟ್ಟಿ, ಅಲ್ಲಿಯ ಶಾಲೆಯಲ್ಲಿ ಕಲಿತು, ಅಲ್ಲಿಯ ಪಾಸ್‌ಪೋರ್ಟು ಹಿಡಿದು ರಜೆಗೆಂದು ಇಲ್ಲಿಗೆ ಬರುತ್ತಾರೆ. ಆ ಮಗು ಯಾವ ದೇಶದ್ದು? ಹುಟ್ಟಿದ ನೆಲದ್ದೋ, ಹಿರಿಯರ ನೆಲದ್ದೋ? ಈ ಕುರಿತು ಮನೆಗಳಲ್ಲಿ ನಡೆಯುವ ವಾದಗಳನ್ನು ನಾವು ಬಹುಕಾಲದಿಂದ ಕೇಳುತ್ತ ಬಂದಿದ್ದೇವೆ. ಕಳೆದ ಕಾರ್ತಿಕದಲ್ಲಿ ಶರಣಚಿಂತನದ ನಿಮಿತ್ತ ಹಾಸನ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡುಗಳನ್ನು ಸುತ್ತಿ ಬರುವ ಸಂದರ್ಭ ಒದಗಿದಾಗ ಆ ಪ್ರಶ್ನೆಯೂ ದಾರಿಯುದ್ದಕ್ಕೆ ನಮ್ಮ ಜೊತೆಗೇ ಬಂದಿತು.

ಹಾಸನವು ದೂರದಿಂದ ಬರುವವರಿಗೆ ಬೇಲೂರು ಹಳೇಬೀಡುಗಳ ದಾರಿಯ ತಂಗುದಾಣ. ವರ್ಷಕ್ಕೊಮ್ಮೆ ಆಶ್ವಯುಜದಲ್ಲಿ ತೆರೆದು ಬಲಿಪಾಡ್ಯಮಿ ಕಳೆಯುತ್ತಲೇ ಮುಚ್ಚುವ ಹಾಸನಾಂಬೆಯ ಗುಡಿಯ ಬಾಗಿಲು, ನಾವು ಹೋದಾಗ ಮುಚ್ಚಿ ಹಲವು ದಿನಗಳಾಗಿದ್ದವು; ಜಾತ್ರೆಯ ಜನಸಂದಣಿ ಕರಗಿ ಪಟ್ಟಣವು ಉಸಿರು ಬಿಡುತ್ತಿತ್ತು. ಇದೇ ಪಟ್ಟಣದಲ್ಲಿ 1908ರ ನವೆಂಬರಿನಲ್ಲಿ ರಾಜಾ ರಾವ್ ಜನಿಸಿದರೆಂಬುದು ಇಲ್ಲಿಯವರಲ್ಲಿಯೇ ಅನೇಕರಿಗೆ ತಿಳಿಯದು. ಹೈದರಾಬಾದಿನಲ್ಲಿ ಓದಿ, 1929ರಲ್ಲಿ ಫ್ರಾನ್ಸಿಗೆ ತೆರಳಿದ ಈ ತರುಣರು ಕನ್ನಡದಲ್ಲಿಯೂ ಕೆಲವು ಬರಹಗಳನ್ನು ಬರೆದು, ಬಳಿಕ ಇಂಗ್ಲಿಷನ್ನೇ ತಮ್ಮ ಬರವಣಿಗೆಯ ಭಾಷೆಯಾಗಿ ಆರಿಸಿಕೊಂಡರು. 1938ರಲ್ಲಿ ಪ್ರಕಟವಾದ ‘ಕಾಂತಾಪುರ’ ಕಾದಂಬರಿಯು ಗಾಂಧೀಜಿಯವರ ಚಳವಳಿಯು ಒಂದು ಕನ್ನಡ ಹಳ್ಳಿಯನ್ನು ಕಲಕಿದ ಕಥೆ. ಅದನ್ನು ಹೇಳುವವಳು ಜಗುಲಿಯ ಮೇಲೆ ಕುಳಿತು ಪುರಾಣ ಹೇಳುವ ಧಾಟಿಯ ಒಬ್ಬ ಮುದುಕಿ. ಅವರು 1966ರಿಂದ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಬೋಧಿಸಿದರು; 2006ರ ಜುಲೈಯಲ್ಲಿ ಆಸ್ಟಿನ್ ನಗರದಲ್ಲಿಯೇ ದೇಹ ಬಿಟ್ಟರು. ಬಾಳಿನ ಬಹುಭಾಗ ಕಳೆದದ್ದು ಪರದೇಶದಲ್ಲಿ. ಆದರೂ 1964ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಅವರನ್ನು ಭಾರತೀಯ ಲೇಖಕರೆಂದೇ ಪುರಸ್ಕರಿಸಿತು. ಮರಣಾನಂತರ 2007ರಲ್ಲಿ ಪದ್ಮವಿಭೂಷಣ ಸಂದಿತು. ಅವರು ಹೊರಗಿನವರೆಂದು ಯಾರೂ ಅನ್ನಲಿಲ್ಲ. ನಮ್ಮವರು ಹೊರಗೆ ಹೋದಾಗ ಮೂಲವೆಂಬ ಹಗ್ಗವನ್ನು ಎಷ್ಟು ದೂರಕ್ಕೆ ಬೇಕಾದರೂ ಬಿಡುವುದು ನಮಗೆ ಸಲೀಸಾದ ಕೆಲಸ. ಈ ಮಾತನ್ನು ಓದುಗ ಬಂಧುಗಳು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಚನ್ನರಾಯಪಟ್ಟಣದಲ್ಲಿ ನಮ್ಮ ವಾಸ್ತವ್ಯ ಒಬ್ಬ ಭಕ್ತರ ತೋಟದ ಮನೆಯಲ್ಲಿ. ತೆಂಗಿನ ತೋಟ, ಹಿತ್ತಿಲಲ್ಲಿ ಬಿಲ್ವದ ಮರ, ಪಡಸಾಲೆಯಲ್ಲಿ ಮೂರು ತಲೆಮಾರಿನ ಭಾವಚಿತ್ರಗಳು. ಮನೆಯ ಯಜಮಾನರ ಮೊಮ್ಮಗ, ಹದಿನಾಲ್ಕರ ಹುಡುಗ, ಅಮೆರಿಕದಲ್ಲಿ ಹುಟ್ಟಿ ಬೆಳೆದವನು. ಲಿಂಗದೀಕ್ಷೆಗೆಂದು ತಂದೆತಾಯಿಗಳೊಡನೆ ಬಂದಿದ್ದ. ಕನ್ನಡವನ್ನು ಅರ್ಥಮಾಡಿಕೊಳ್ಳುತ್ತಿದ್ದ, ತಡೆದು ತಡೆದು ಆಡುತ್ತಿದ್ದ. ಇಷ್ಟಲಿಂಗಪೂಜೆಯ ವೇಳೆ ಮಾತ್ರ ಅವನಲ್ಲಿ ತಡವರಿಕೆ ಇರಲಿಲ್ಲ. ತಾಯಿ ದೂರದ ಊರಿನಲ್ಲಿದ್ದುಕೊಂಡು ಹೇಳಿಕೊಟ್ಟ ವಚನಗಳನ್ನು ಸ್ಪಷ್ಟವಾಗಿ ಹೇಳಿದ. ಊಟವಾದ ಮೇಲೆ ಅವನು ತಾತನನ್ನು ಕೇಳಿದ ಮಾತು ಇದು: ‘ತಾತ, ಅಲ್ಲಿ ಶಾಲೆಯಲ್ಲಿ ನನ್ನನ್ನು ಇಂಡಿಯನ್ ಅಂತಾರೆ. ಇಲ್ಲಿ ಬಂದರೆ ಎಲ್ಲರೂ ಅಮೆರಿಕದ ಹುಡುಗ ಅಂತಾರೆ. ನಾನು ಯಾರು ಅಂತ ಹೇಳಲಿ?’

ತಾತನವರು ನಗುತ್ತ, ‘ನೀನು ನಮ್ಮವನು ಕಣಪ್ಪ, ಇನ್ನೇನು ಹೇಳೋದು!’ ಎಂದು ತಲೆ ನೇವರಿಸಿದರು. ಹುಡುಗ ಸುಮ್ಮನಾದ, ತೃಪ್ತನಾದನೆಂದು ನಮಗನ್ನಿಸಲಿಲ್ಲ. ಆ ಬಳಿಕ ಹಿರಿಯರು ನಮ್ಮತ್ತ ತಿರುಗಿ ದನಿ ತಗ್ಗಿಸಿ ಹೇಳಿದರು: ‘ಶಾಸ್ತ್ರಿಗಳೇ, ಈ ತೋಟ ನನ್ನ ಕಾಲಾನಂತರ ಇವನಿಗೆ ಬರಬಹುದಂತೆ. ಆದರೆ ಪಕ್ಕದ ಗುಂಟೆ ಜಮೀನನ್ನು ಇವನು ಕೊಳ್ಳುವ ಹಾಗಿಲ್ಲವಂತೆ. ಇದು ಯಾವ ನ್ಯಾಯ?’

ಆ ಹಿರಿಯರ ಮಾತಿನಲ್ಲಿ ಕಾನೂನಿನ ಸಾರವೇ ಅಡಗಿದೆ. ಬೇರೆ ದೇಶದ ಪೌರರಾದ ಭಾರತೀಯ ಮೂಲದವರಿಗೆ ನಮ್ಮ ಸರ್ಕಾರ ಕೊಡುವ ಓ.ಸಿ.ಐ. ಕಾರ್ಡು 2005ರ ತಿದ್ದುಪಡಿಯಿಂದ ಗಟ್ಟಿಯಾಗಿ ನೆಲೆಗೊಂಡಿತು. ಹೆಸರಿನಲ್ಲಿ ‘ಸಾಗರೋತ್ತರ ಪೌರ’ ಎಂದಿದ್ದರೂ ಅದು ಪೌರತ್ವವಲ್ಲ. ಅದನ್ನು ಹೊಂದಿದವರು ವೀಸಾ ಇಲ್ಲದೆ ಬಂದುಹೋಗಬಹುದು, ಇಲ್ಲಿ ವಾಸವಿರಬಹುದು; ಮತ ಹಾಕುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ, ಕೃಷಿಭೂಮಿಯನ್ನು ಹಣ ಕೊಟ್ಟು ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ಅಂದರೆ, ಹಿರಿಯರಿಂದ ಬಂದ ಮಣ್ಣಿಗೆ ಅವನು ವಾರಸುದಾರ. ತಾನಾಗಿ ಸಂಪಾದಿಸುವ ಮಣ್ಣಿಗೆ ಪರದೇಶಿ. ವಂಶವೆಂಬುದು ಎಲ್ಲಿಯವರೆಗೆ ಸಾಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಒಂದು ತೆಂಗಿನ ತೋಟದ ಬೇಲಿಯು ಇಷ್ಟು ಸ್ಪಷ್ಟವಾಗಿ ತೋರಿಸುವುದೆಂದು ನಾವು ಎಣಿಸಿರಲಿಲ್ಲ.

ಇನ್ನು ಹುಟ್ಟಿದ ನೆಲದ ಮಾತು. ಅಮೆರಿಕದ ಸಂವಿಧಾನಕ್ಕೆ 1868ರಲ್ಲಿ ಸೇರಿದ ಹದಿನಾಲ್ಕನೆಯ ತಿದ್ದುಪಡಿಯು ಆ ನೆಲದಲ್ಲಿ ಹುಟ್ಟಿದವರಿಗೆ ಪೌರತ್ವ ನೀಡಿತು. ಗುಲಾಮಗಿರಿಯಿಂದ ಬಿಡುಗಡೆ ಹೊಂದಿದವರಿಗಾಗಿ ಬಂದ ವಿಧಿ ಅದು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚೀನೀ ತಂದೆತಾಯಿಗಳಿಗೆ ಹುಟ್ಟಿದ ವಾಂಗ್ ಕಿಮ್ ಆರ್ಕ್ ಎಂಬ ಅಡುಗೆಯವನೊಬ್ಬ ಚೀನಕ್ಕೆ ಹೋಗಿ ಮರಳಿದಾಗ ಅಧಿಕಾರಿಗಳು ಅವನನ್ನು ಹಡಗಿನಿಂದ ಇಳಿಯಗೊಡಲಿಲ್ಲ. 1898ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಅವನು ಹುಟ್ಟಿನಿಂದಲೇ ಅಮೆರಿಕದ ಪೌರನೆಂದು ತೀರ್ಪಿತ್ತಿತು. 2025ರ ಜನವರಿ 20ರಂದು ಅಲ್ಲಿಯ ಅಧ್ಯಕ್ಷರು, ತಾತ್ಕಾಲಿಕ ವೀಸಾದ ಮೇಲೆ ಇರುವವರ ಮಕ್ಕಳಿಗೆ ಈ ಹಕ್ಕು ಸಲ್ಲದೆಂಬ ಆಜ್ಞೆ ಹೊರಡಿಸಿದಾಗ ಅದು ಒಡನೆಯೇ ನ್ಯಾಯಾಲಯಗಳ ಮೆಟ್ಟಿಲೇರಿತು. ಆ ದಿನಗಳಲ್ಲಿ ಬೆಂಗಳೂರು ಹಾಸನಗಳ ಮನೆಗಳಲ್ಲಿ ನಾವು ಕೇಳಿದ ಮಾತು ಒಂದೇ: ‘ಆ ಮಗು ಅಲ್ಲಿಯೇ ಹುಟ್ಟಿದೆ. ಅಲ್ಲಿಯ ಗಾಳಿ ನೀರು ಕುಡಿದಿದೆ. ಅದು ಅವರದಲ್ಲ ಅಂದರೆ ಹೇಗೆ?’ ಸರಿಯಾದ ಮಾತೇ. ಇದನ್ನೂ ಓದುಗರು ನೆನಪಿನಲ್ಲಿಡಬೇಕು.

ಚನ್ನರಾಯಪಟ್ಟಣಕ್ಕೆ ಬಂದು ಶ್ರವಣಬೆಳಗೊಳವನ್ನು ನೋಡದೆ ಹೋಗುವುದುಂಟೆ? ವಿಂಧ್ಯಗಿರಿಯ ಮೇಲೆ ಗಂಗರ ಮಂತ್ರಿ ಚಾವುಂಡರಾಯನು 981ರ ಸುಮಾರಿಗೆ ನಿಲ್ಲಿಸಿದ 58 ಅಡಿಯ ಗೊಮ್ಮಟಮೂರ್ತಿಯನ್ನು ಎಲ್ಲರೂ ಕಾಣುತ್ತಾರೆ; ಆ ಪಾದಗಳ ಬಳಿಯ ಬರಹವನ್ನು ಬಗ್ಗಿ ನೋಡುವವರು ಕಡಮೆ. ಮೂರ್ತಿಯನ್ನು ಮಾಡಿಸಿದವನ ಹೆಸರು ಅಲ್ಲಿ ಕನ್ನಡ, ತಮಿಳು, ಮರಾಠಿ ಎಂಬ ಮೂರು ನುಡಿಗಳಲ್ಲಿದೆ. ಎದುರಿನ ಚಿಕ್ಕಬೆಟ್ಟಕ್ಕೆ ಚಂದ್ರಗಿರಿಯೆಂಬ ಹೆಸರು ಬಂದದ್ದು ಮೌರ್ಯ ಚಂದ್ರಗುಪ್ತನಿಂದ ಎಂದು ಜೈನ ಪರಂಪರೆ ಹೇಳುತ್ತದೆ. ಉತ್ತರದಲ್ಲಿ ಹನ್ನೆರಡು ವರ್ಷಗಳ ಕ್ಷಾಮ ಬರುವುದನ್ನು ಅರಿತ ಭದ್ರಬಾಹು ಮುನಿಗಳ ಮಾತಿನಂತೆ ಮುನಿಸಂಘವು ಉಜ್ಜಯಿನಿಯಿಂದ ದಕ್ಷಿಣಕ್ಕೆ ಹೊರಟು ಬಂದಿತೆಂಬ ಸಂಗತಿಯನ್ನು ಈ ಬೆಟ್ಟದ ಅತಿ ಪ್ರಾಚೀನ ಶಾಸನವೊಂದು ತಿಳಿಸುತ್ತದೆ. ಬರಗಾಲಕ್ಕೆ ಅಂಜಿ ವಲಸೆ ಬಂದವರ ಬೆಟ್ಟ ಅದು! ಅವರು ಬಂದಾಗ ಅವರ ಮೂಲ ಬೇರೆ, ಮಾತು ಬೇರೆ. ಇಂದು ಶ್ರವಣಬೆಳಗೊಳವಿಲ್ಲದ ಕನ್ನಡನಾಡನ್ನು ಊಹಿಸಿಕೊಳ್ಳುವುದು ಯಾರಿಂದಲೂ ಆಗದು. ವಲಸೆ ಬಂದವರು ನೆಲದ ಗುರುತನ್ನು ಅಳಿಸುತ್ತಾರೆಂದು ಹೆದರುವವರಿಗೆ ನಾವು ಈ ಬೆಟ್ಟದ ಮೆಟ್ಟಿಲು ಹತ್ತಿ ಬರುವಂತೆ ಹೇಳುತ್ತೇವೆ. ಪಾದರಕ್ಷೆ ಬಿಟ್ಟು ಹತ್ತಬೇಕಾದ್ದರಿಂದ ಬಿಸಿಲೇರುವ ಮುನ್ನವೇ ಹೋಗುವುದು ಒಳಿತು.

ಹೊಳೆನರಸೀಪುರ ಹೇಮಾವತಿಯ ದಡದ ಊರು. ಹೆಸರಿನಲ್ಲಿಯೇ ಹೊಳೆಯೂ ಇದೆ, ದೇವರೂ ಇದ್ದಾನೆ. ಅಲ್ಲಿಯ ಸಭೆಯಲ್ಲಿ ನಾವು ಹೆಸರುಗಳ ವಿಷಯವನ್ನೇ ಎತ್ತಿಕೊಂಡೆವು. ಹಳೆಯ ಮೈಸೂರಿನವರ ಹೆಸರಿನ ಮುಂದಿನ ಅಕ್ಷರ ಎಂದರೆ ಒಂದು ಊರು. 1996ರ ಜೂನ್ 1ರಂದು ದೇಶದ ಪ್ರಧಾನಿಯಾದ ಎಚ್. ಡಿ. ದೇವೇಗೌಡರ ‘ಎಚ್’ ಎಂದರೆ ಈ ತಾಲ್ಲೂಕಿನ ಹರದನಹಳ್ಳಿ. ಕಾದಂಬರಿಕಾರ ಎಸ್. ಎಲ್. ಭೈರಪ್ಪನವರ ‘ಎಸ್’ ಎಂದರೆ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರ. 2025ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡಾಗಲೂ ಆ ಹಳ್ಳಿ ಅವರ ಹೆಸರಿನ ಮುಂದೆಯೇ ಇತ್ತು. ದಿಲ್ಲಿಗೆ ಹೋದರೂ ಊರು ಕೈಬಿಡುವುದಿಲ್ಲ. ಅಮೆರಿಕದ ಅರ್ಜಿಗಳಲ್ಲಿ ಇದಕ್ಕೆ ಜಾಗವಿಲ್ಲ. ಅಲ್ಲಿ ಕೊನೆಯ ಹೆಸರು ಬೇಕು. ತಂದೆಯ ಹೆಸರೋ ತಾತನ ಹೆಸರೋ ಮನೆತನದ ಹೆಸರಾಗಿ ನಿಂತುಬಿಡುತ್ತದೆ, ಊರು ಮಾತ್ರ ಕಾಣದಾಗುತ್ತದೆ.

ಉಪನ್ಯಾಸ ಮುಗಿದಾಗ ಹಿಂದಿನ ಸಾಲಿನಿಂದ ವಯಸ್ಸಾದ ತಾಯಿಯೊಬ್ಬರು ಎದ್ದು ನಿಂತರು. ‘ಶಾಸ್ತ್ರಿಗಳೇ, ಊರು ಬಿಟ್ಟು ಬಂದವರ ವಿಚಾರ ನಮ್ಮನ್ನು ಕೇಳಿ. ನಾನು ಹುಟ್ಟಿದ್ದು ತುರುವೇಕೆರೆಯ ಕಡೆ. ಈ ಮನೆ ತುಂಬಿ ನಲವತ್ತೆರಡು ವರ್ಷ. ಇಲ್ಲಿಯ ಓಟು ನನ್ನದು, ಇಲ್ಲಿಯ ಹೊಲ ನನ್ನದು, ಇಲ್ಲಿಯ ಸುಖದುಃಖ ನನ್ನದು. ಆದರೂ ಗೌರಿಹಬ್ಬಕ್ಕೆ ತವರಿನ ಬಾಗಿನ ಬಾರದೆ ಹೋದರೆ ಕಣ್ಣು ತುಂಬುತ್ತದೆ. ಎರಡರಲ್ಲಿ ಒಂದನ್ನು ಬಿಡು ಅಂತ ನನಗೆ ಯಾರೂ ಹೇಳಲಿಲ್ಲ’ ಎಂದು ಕುಳಿತರು. ಸಭೆ ನಕ್ಕಿತು, ನಾವು ನಗಲಿಲ್ಲ. ನಮ್ಮ ಮನೆಗಳ ಅರ್ಧದಷ್ಟು ಜನ ವಲಸೆ ಬಂದವರೇ ಎಂಬುದು ಅಷ್ಟು ವರ್ಷ ಓದಿದ ನಮಗೆ ಆ ತಾಯಿಯ ಬಾಯಿಂದ ಕೇಳಿ ಬರಬೇಕಾಯಿತು. ತವರನ್ನು ಮರೆತ ಸೊಸೆಯೇ ಒಳ್ಳೆಯ ಸೊಸೆ ಎಂದು ಯಾವ ವಿವೇಕಿಯೂ ಹೇಳನು. ತವರಿನ ನೆನಪಿರುವುದರಿಂದ ಅವಳು ಈ ಮನೆಯವಳಲ್ಲವೆಂದೂ ಹೇಳನು. ದೇಶದ ವಿಷಯ ಬಂದೊಡನೆ ನಾವೇಕೆ ಬೇರೆ ಮಾತನಾಡುತ್ತೇವೆ?

ಅರಕಲಗೂಡಿನ ಅರ್ಕೇಶ್ವರನ ಗುಡಿಯಲ್ಲಿ ಸ್ವಲ್ಪ ಹೊತ್ತು ಕುಳಿತಿದ್ದಾಗ ನೆನಪಾದವರು ಅ.ನ.ಕೃ. ಅವರ ಹೆಸರಿನ ‘ಅ’ ಎಂದರೆ ಅರಕಲಗೂಡು. ಆದರೆ ಅವರು ಹುಟ್ಟಿದ್ದು 1908ರಲ್ಲಿ ಕೋಲಾರದಲ್ಲಿ. ಬಾಳಿ ಬೆಳಗಿದ್ದು ಬೆಂಗಳೂರಿನಲ್ಲಿ. ಹುಟ್ಟಿದ ಊರನ್ನು ಬಿಟ್ಟು ಹಿರಿಯರ ಊರನ್ನು ತಲೆಯ ಮೇಲೆ ಹೊತ್ತವರು, ಕೆಲಸ ಮಾಡಿದ್ದು ಮೂರನೆಯ ಊರಿನಲ್ಲಿ. 1960ರ ದಶಕದಲ್ಲಿ ಬೆಂಗಳೂರಿನಲ್ಲಿ ಕನ್ನಡಕ್ಕೆ ಸ್ಥಾನ ಬೇಕೆಂದು ಮ. ರಾಮಮೂರ್ತಿ ಮೊದಲಾದವರೊಡನೆ ಚಳವಳಿ ನಡೆಸಿದವರು ಇದೇ ಅ.ನ.ಕೃ. ಅವರ ಕನ್ನಡತನ ಯಾವ ಊರಿನದೆಂದು ಕೇಳಿದರೆ ಏನೆಂದು ಹೇಳುವುದು? ಕೋಲಾರದ್ದೋ, ಅರಕಲಗೂಡಿನದ್ದೋ? ಅವರು ಬರೆದ ನೂರಕ್ಕೂ ಮಿಕ್ಕ ಕಾದಂಬರಿಗಳದ್ದು ಎಂದರೆ ಹೆಚ್ಚು ಸರಿಯಾದೀತು.

ಇದೇ ತಾಲ್ಲೂಕಿನ ರುದ್ರಪಟ್ಟಣ ಕಾವೇರಿಯ ದಡದ ಚಿಕ್ಕ ಊರು. ನಮ್ಮ ಸುತ್ತಾಟದಲ್ಲಿ ನಾವು ಅತ್ಯಂತ ಹೆಚ್ಚು ಹೊತ್ತು ನಿಂತದ್ದು ಇಲ್ಲಿ. ಇಲ್ಲಿಯ ಸಂಕೇತಿ ಬ್ರಾಹ್ಮಣರ ಹಿರಿಯರು ಶತಮಾನಗಳ ಹಿಂದೆ ತೆಂಕಣ ತಮಿಳುನಾಡಿನ ಸೆಂಗೋಟೆಯ ಕಡೆಯಿಂದ ಹೊರಟು ಬಂದವರು. ನಾಚಾರಮ್ಮ ಎಂಬ ವಿದುಷಿ ತನಗಾದ ಅವಮಾನದಿಂದ ಆ ಊರನ್ನು ತೊರೆದಳೆಂದೂ, ಅವಳನ್ನು ಅನುಸರಿಸಿ ಅನೇಕ ಮನೆತನಗಳು ಕನ್ನಡನಾಡಿಗೆ ಬಂದವೆಂದೂ ಅವರಲ್ಲಿ ಐತಿಹ್ಯವಿದೆ. ಕೆಲವರು ಹಾಸನದ ಬಳಿಯ ಕೌಶಿಕದಲ್ಲಿ, ಕೆಲವರು ಬೆಟ್ಟದಪುರದ ಸುತ್ತ ನೆಲೆಯೂರಿದರು. ಮನೆಯೊಳಗೆ ಇಂದಿಗೂ ತಮಿಳು ಮಲಯಾಳಗಳ ಛಾಯೆಯಿರುವ ಸಂಕೇತಿ ನುಡಿ; ಅದಕ್ಕೆ ಸ್ವಂತ ಲಿಪಿಯಿಲ್ಲ, ಬರೆಯಬೇಕಾದರೆ ಕನ್ನಡವೇ. ಹೊಸಿಲು ದಾಟಿದರೆ ಕನ್ನಡ. ಈ ಪುಟ್ಟ ಊರು ಕರ್ನಾಟಕ ಸಂಗೀತಕ್ಕೆ ಕೊಟ್ಟ ವಿದ್ವಾಂಸರ ಸಂಖ್ಯೆಯನ್ನು ಕಂಡು ಬೆರಗಾಗುತ್ತದೆ. 1920ರಲ್ಲಿ ಇಲ್ಲಿ ಹುಟ್ಟಿದ ಆರ್. ಕೆ. ಶ್ರೀಕಂಠನ್ ಆಕಾಶವಾಣಿಯಲ್ಲಿ ದುಡಿದು, ನೂರಾರು ಶಿಷ್ಯರನ್ನು ಬೆಳೆಸಿ, ದಾಸರ ಪದಗಳನ್ನು ಕಚೇರಿಯ ವೇದಿಕೆಯಲ್ಲಿ ಗೌರವದಿಂದ ಹಾಡಿದವರು. ಅವರ ಹಿರಿಯರು ಬಿಟ್ಟುಬಂದ ತಮಿಳುನಾಡಿನ ಮದ್ರಾಸ್ ಮ್ಯೂಸಿಕ್ ಅಕಾಡೆಮಿಯೇ 1995ರಲ್ಲಿ ಅವರಿಗೆ ಸಂಗೀತ ಕಲಾನಿಧಿ ಬಿರುದನ್ನಿತ್ತಿತು. 2014ರಲ್ಲಿ ಅವರು ತೀರಿಕೊಂಡಾಗ ಅಗಲಿದವರು ಕನ್ನಡದ ಸಂಗೀತ ವಿದ್ವಾಂಸರೆಂದೇ ನಾಡು ದುಃಖಿಸಿತು. ರುದ್ರಪಟ್ಟಣದ ಸಹೋದರರೆಂದು ಹೆಸರಾದ ತ್ಯಾಗರಾಜನ್, ತಾರಾನಾಥನ್ ಅವರೂ ಇಲ್ಲಿಯವರೇ. ವಿದ್ವಾನ್ ಆರ್. ಕೆ. ಪದ್ಮನಾಭರು ಈ ಊರಿನಲ್ಲಿ ತಂಬೂರಿಯ ಆಕಾರದ ಮಂದಿರವೊಂದನ್ನು ಕಟ್ಟಿಸಿದ್ದಾರೆ; ದೂರದಿಂದಲೇ ಅದು ಕಾಣುತ್ತದೆ.

ಇವರ ಮೂಲವೆನಿಸಿದ ಸೆಂಗೋಟೆಯ ಕಥೆಯೂ ಸ್ವಾರಸ್ಯವಾಗಿದೆ. 1956ರವರೆಗೆ ಅದು ತಿರುವಾಂಕೂರಿಗೆ ಸೇರಿತ್ತು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಮದ್ರಾಸಿಗೆ ಸೇರಿತು. ಮೂಲವೇ ರಾಜ್ಯ ಬದಲಿಸಿತು! ಹುಟ್ಟಿದ ನೆಲವೂ ಹಾಗೆಯೇ. ಹಾಸನದಲ್ಲಿ 1945ರಲ್ಲಿ ಹುಟ್ಟಿದವರೊಬ್ಬರನ್ನು ಕಲ್ಪಿಸಿಕೊಳ್ಳೋಣ. ಅವರು ಹುಟ್ಟಿದಾಗ ಮೈಸೂರು ಮಹಾರಾಜರ ಪ್ರಜೆ, ಐದನೆಯ ವಯಸ್ಸಿಗೆ ಭಾರತ ಗಣರಾಜ್ಯದ ಪೌರ, 1973ರ ನವೆಂಬರ್ 1ರಿಂದ ಕರ್ನಾಟಕದವರು. ಮನೆಯ ಜಗುಲಿಯಿಂದ ಕೆಳಗಿಳಿಯದೆಯೇ ಇಷ್ಟೆಲ್ಲ ಆದರು. ನಮ್ಮ ಸಿದ್ಧರಾಮೇಶ್ವರರ ಸೊನ್ನಲಿಗೆ, ಬಸವಣ್ಣನವರು ಕಾಯಕ ನಡೆಸಿದ ಮಂಗಳವಾಡ ಇಂದು ಮಹಾರಾಷ್ಟ್ರದಲ್ಲಿವೆ. ಅದರಿಂದ ಆ ಶರಣರು ನಮಗೆ ಹೊರಗಿನವರಾದರೆ? ನೆಲವನ್ನಾಗಲಿ ಮೂಲವನ್ನಾಗಲಿ ಕಲ್ಲಿನಲ್ಲಿ ಕೊರೆದ ಗುರುತೆಂದು ನಂಬುವವರು ಭೂಪಟವನ್ನು ಒಮ್ಮೆ ನೋಡುವುದು ಒಳ್ಳೆಯದು.

ರುದ್ರಪಟ್ಟಣದಿಂದ ಕುಶಾಲನಗರದ ಕಡೆಗೆ ಮುಂದುವರಿದರೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆ ಸಿಗುತ್ತದೆ. ನಮ್ಮ ಪ್ರವಾಸದ ಪಟ್ಟಿಯಲ್ಲಿ ಅದಿರಲಿಲ್ಲ; ಜೊತೆಯಲ್ಲಿದ್ದ ತರುಣರು ಒತ್ತಾಯಿಸಿದ್ದರಿಂದ ಹೋದೆವು. 1959ರಲ್ಲಿ ದಲೈ ಲಾಮಾ ಅವರ ಹಿಂದೆ ಟಿಬೆಟ್ಟಿನಿಂದ ಬಂದ ನಿರಾಶ್ರಿತರಿಗೆ ಮೈಸೂರು ಸರ್ಕಾರ 1960ರ ಸುಮಾರಿಗೆ ಇಲ್ಲಿ ಸುಮಾರು 3,000 ಎಕರೆ ನೆಲ ಕೊಟ್ಟಿತು. ಕಾಡು ಕಡಿದು, ಆನೆಗಳಿಗೆ ಹೆದರಿ, ಹಿಮದ ನಾಡಿನವರು ಬಿಸಿಲಿನಲ್ಲಿ ಮುಸುಕಿನ ಜೋಳ ಬೆಳೆದರು, ಮಠಗಳನ್ನು ಕಟ್ಟಿದರು. ಸುತ್ತಣವರು ಆ ಊರನ್ನು ‘ಕ್ಯಾಂಪು’ ಎನ್ನುತ್ತಾರೆ. ಅರವತ್ತು ವರ್ಷ ದಾಟಿದರೂ ಅದು ಕ್ಯಾಂಪೇ, ಊರಾಗಲಿಲ್ಲ. ಅಂಗಡಿಯೊಂದರಲ್ಲಿ ಉಣ್ಣೆಯ ಶಾಲು ತೋರಿಸುತ್ತಿದ್ದ ನಡುವಯಸ್ಸಿನವರು ನಮ್ಮ ಹಣೆಯ ವಿಭೂತಿಯನ್ನು ಕಂಡು ಶುದ್ಧ ಮೈಸೂರು ಸೀಮೆಯ ಕನ್ನಡದಲ್ಲಿ ಮಾತನಾಡಿಸಿದರು. ಅವರಿಗೂ ನಮ್ಮ ಹಳೆಯ ಪ್ರಶ್ನೆಯನ್ನೇ ಹಾಕಿದೆವು. ‘ಊರು ಇದೇ ಸ್ವಾಮಿ, ಇಲ್ಲೇ ಹುಟ್ಟಿದ್ದು. ದೇಶ ಅದು. ನಾನು ನೋಡಿಲ್ಲ’ ಎಂದರು. ಶಾಲಿನ ಬೆಲೆಯಲ್ಲಿ ಇಪ್ಪತ್ತು ರೂಪಾಯಿ ಇಳಿಸಿದರು.

ನಮ್ಮ 1955ರ ಪೌರತ್ವ ಕಾಯಿದೆಯು ಮೊದಲಿಗೆ ಅಮೆರಿಕದ ದಾರಿಯಲ್ಲಿಯೇ ನಡೆದಿತ್ತು. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುಂಚಿನವರೆಗೆ ಭಾರತದ ನೆಲದಲ್ಲಿ ಹುಟ್ಟಿದವರು, ಕೆಲವು ಅಪವಾದಗಳನ್ನು ಬಿಟ್ಟರೆ, ತಂದೆತಾಯಿಗಳು ಯಾರೇ ಇರಲಿ, ಭಾರತದ ಪೌರರು. ಆ ಬಳಿಕ ತಂದೆತಾಯಿಗಳಲ್ಲಿ ಒಬ್ಬರಾದರೂ ಭಾರತೀಯರಿರಬೇಕೆಂದಾಯಿತು. 2004ರ ಡಿಸೆಂಬರ್ 3ರಿಂದ ನಿಯಮ ಇನ್ನೂ ಬಿಗಿಯಾಗಿ, ಇನ್ನೊಬ್ಬರು ಅಕ್ರಮವಾಗಿ ಬಂದವರಾಗಿರಬಾರದೆಂಬ ಷರತ್ತು ಸೇರಿತು. ಹೀಗೆ ನೆಲದಿಂದ ವಂಶದ ಕಡೆಗೆ ಕಾನೂನು ಮೆಲ್ಲಮೆಲ್ಲನೆ ವಾಲಿತು. 1986ರಲ್ಲಿ ಭಾರತದಲ್ಲಿ ಹುಟ್ಟಿದ ಟಿಬೆಟನ್ ತರುಣಿಯೊಬ್ಬಳಿಗೆ ಪಾಸ್‌ಪೋರ್ಟು ನಿರಾಕರಿಸಿದಾಗ ಅವಳು ದಿಲ್ಲಿ ಉಚ್ಚ ನ್ಯಾಯಾಲಯಕ್ಕೆ ಹೋದಳು. 2010ರ ಡಿಸೆಂಬರಿನಲ್ಲಿ ಅವಳು ಹುಟ್ಟಿನಿಂದಲೇ ಭಾರತೀಯಳೆಂಬ ತೀರ್ಪು ಬಂದಿತು. 2014ರಲ್ಲಿ ಚುನಾವಣಾ ಆಯೋಗವು ಆ ಅವಧಿಯಲ್ಲಿ ಹುಟ್ಟಿದ ಟಿಬೆಟನ್ನರನ್ನು ಮತದಾರರ ಪಟ್ಟಿಗೆ ಸೇರಿಸಿಕೊಳ್ಳುವಂತೆ ಸೂಚಿಸಿತು. ಆದರೆ ಭಾರತದ ಪಾಸ್‌ಪೋರ್ಟು ಬೇಕಾದವರು ನಿರಾಶ್ರಿತರ ಗುರುತುಪತ್ರವನ್ನು ಒಪ್ಪಿಸಬೇಕಾಯಿತು. ಹೀಗಾಗಿ ಹಕ್ಕಿದ್ದರೂ ಅರ್ಜಿ ಹಾಕದವರು ಅವರಲ್ಲಿದ್ದಾರೆ. ಎಲ್ಲರೂ ಇಲ್ಲಿಯವರಾಗಿಬಿಟ್ಟರೆ ಆ ದೇಶದ ಹೆಸರು ಹೇಳುವವರು ಯಾರು ಎಂಬ ಅಳಲು ಅವರದು. ಚನ್ನರಾಯಪಟ್ಟಣದ ತಾತನವರ ಅಳಲಿಗೂ ಇದಕ್ಕೂ ಬಹಳ ವ್ಯತ್ಯಾಸವಿದೆಯೆಂದು ನಮಗೆ ತೋರಲಿಲ್ಲ.

ಹಿಂದಿರುಗುವಾಗ ಕಾರಿನಲ್ಲಿ ಒಬ್ಬರು, ‘ಎಷ್ಟೇ ಚೆನ್ನಾಗಿ ಕನ್ನಡ ಮಾತಾಡಲಿ, ಅವರು ಅವರೇ ತಾನೆ? ರಕ್ತ ಎಲ್ಲಿ ಹೋಗುತ್ತೆ?’ ಎಂದರು. ಅವರ ಮಗಳು ಅಮೆರಿಕದಲ್ಲಿದ್ದಾಳೆ; ಅಲ್ಲಿ ಹುಟ್ಟಿದ ಮೊಮ್ಮಗುವಿನ ಹಕ್ಕಿನ ಬಗ್ಗೆ ಹಿಂದಿನ ದಿನವಷ್ಟೇ ಬಹಳ ಕಳವಳದಿಂದ ಮಾತನಾಡಿದ್ದರು. ಸಂತೆಯಲ್ಲಿ ಕೊಳ್ಳುವ ಬಳ್ಳ ಒಂದು, ಮಾರುವ ಬಳ್ಳ ಇನ್ನೊಂದು ಇಟ್ಟುಕೊಂಡ ವರ್ತಕನನ್ನು ನಾವು ಏನೆಂದು ಕರೆಯುತ್ತೇವೆ? ನಮ್ಮ ಮಗು ಅಲ್ಲಿ ಹುಟ್ಟಿದರೆ ನೆಲವೇ ಪ್ರಮಾಣ; ಅವರ ಮಗು ಇಲ್ಲಿ ಹುಟ್ಟಿದರೆ ರಕ್ತವೇ ಪ್ರಮಾಣ. ನಮ್ಮವರು ಹೊರಗೆ ಹೋಗಿ ಮನೆಮಾತನ್ನು ಉಳಿಸಿಕೊಂಡರೆ ಸಂಸ್ಕೃತಿಯ ರಕ್ಷಣೆ. ಹೊರಗಿನವರು ಇಲ್ಲಿಗೆ ಬಂದು ಮನೆಮಾತನ್ನು ಉಳಿಸಿಕೊಂಡರೆ ಬೆರೆಯದ ಜನ. ಈ ಎರಡು ಬಳ್ಳಗಳನ್ನು ಒಂದೇ ಅಂಗಡಿಯಲ್ಲಿಟ್ಟುಕೊಂಡು ನಾವು ಎಷ್ಟು ದಿನ ವ್ಯಾಪಾರ ಮಾಡುವುದು? ಈ ಮಾತನ್ನು ನಾವು ಅವರಿಗೆ ಹೇಳಿದೆವು. ಅವರು ಸಜ್ಜನರು, ಕೋಪಿಸಿಕೊಳ್ಳಲಿಲ್ಲ, ಒಪ್ಪಿಕೊಳ್ಳಲೂ ಇಲ್ಲ.

ಹೊಸದಾಗಿ ಬಂದವನನ್ನು ಯಾರೆಂದು ಪರಕೀಯನಂತೆ ಕೇಳದೆ ಮನೆಯ ಮಗನೆಂದೇ ಎಣಿಸುವಂತಾಗಲಿ ಎಂದು ಬಸವಣ್ಣನವರು ಸಂಗಮನಾಥನಲ್ಲಿ ಬೇಡಿಕೊಂಡ ವಚನ ನಮ್ಮ ಮಕ್ಕಳಿಗೆಲ್ಲ ಕಂಠಪಾಠವಾಗಿದೆ. ಸಭೆಗಳ ಆರಂಭದಲ್ಲಿ ಅದನ್ನು ಹಾಡುತ್ತೇವೆ, ಹಾಡಿ ಕುಳಿತುಕೊಳ್ಳುತ್ತೇವೆ. ಕಲ್ಯಾಣದಲ್ಲಿ ಅದು ಬರಿಯ ಹಾಡಾಗಿರಲಿಲ್ಲ. ಬಸವಣ್ಣನವರೇ ಬಾಗೇವಾಡಿಯನ್ನು ಬಿಟ್ಟು ಬಂದವರು. ಅಲ್ಲಮಪ್ರಭುಗಳು ಬಳ್ಳಿಗಾವೆಯವರು, ಅಕ್ಕ ಉಡುತಡಿಯವಳು. ಮೋಳಿಗೆಯ ಮಾರಯ್ಯ ಕಾಶ್ಮೀರದ ಅರಸೊತ್ತಿಗೆ ಬಿಟ್ಟು ಬಂದು ಕಟ್ಟಿಗೆಯ ಹೊರೆ ಹೊತ್ತನೆಂದು ನಮ್ಮ ಪರಂಪರೆ ಹೇಳುತ್ತದೆ. ಆದಯ್ಯ ಸೌರಾಷ್ಟ್ರದಿಂದ ವ್ಯಾಪಾರಕ್ಕೆಂದು ಪುಲಿಗೆರೆಗೆ ಬಂದವನು. ಮರುಳಶಂಕರದೇವ ಆಫ್ಘಾನಿಸ್ತಾನದ ಕಡೆಯಿಂದ ಬಂದನೆನ್ನುತ್ತಾರೆ. ಇವರಲ್ಲಿ ಮಾರಯ್ಯನೂ ಆದಯ್ಯನೂ ಕನ್ನಡದಲ್ಲಿಯೇ ವಚನಗಳನ್ನು ನುಡಿದರು ಎಂಬುದು ಗಮನಿಸತಕ್ಕ ಸಂಗತಿ. ಕನ್ನಡವು ಅವರಿಗೆ ಹುಟ್ಟಿನಿಂದ ಬಂದ ಸ್ವತ್ತಲ್ಲ, ಸೇರಿ ಬಾಳಿದ್ದರಿಂದ ಬಂದ ಗಳಿಕೆ. ಮೊದಲಿನ ಆಶ್ರಯಗಳನ್ನು ಕಳೆದುಕೊಂಡು ದೀಕ್ಷೆಯಿಂದ ಪುನರ್ಜಾತನಾಗುವುದೆಂದು ನಮ್ಮ ಶಾಸ್ತ್ರ ಹೇಳುವಾಗ ಹುಟ್ಟಿಗೂ ವಂಶಕ್ಕೂ ಒಂದು ಮಿತಿ ಹಾಕಿದಂತಾಯಿತು. ಗರ್ಭದ ಎಂಟನೆಯ ತಿಂಗಳಿನಲ್ಲಿಯೇ ಶಿಶುವಿಗೆ ಲಿಂಗಸಂಬಂಧ ಮಾಡುವ ಸಂಪ್ರದಾಯ ನಮ್ಮದು. ಆ ಶಿಶು ಹಾಸನದ ಆಸ್ಪತ್ರೆಯಲ್ಲಿ ಕಣ್ಣು ತೆರೆಯುವುದೋ ಹ್ಯೂಸ್ಟನ್ನಿನಲ್ಲಿಯೋ ಎಂದು ಆ ಹೊತ್ತಿಗೆ ಯಾರು ಕೇಳುತ್ತಾರೆ?

ಇದರಿಂದ ಹುಟ್ಟಿದ ದೇಶದ ಋಣ ಇಲ್ಲವೆಂದಾಗುವುದಿಲ್ಲ. ಅಲ್ಲಿ ಹುಟ್ಟಿದ ಹುಡುಗನು ಅಲ್ಲಿಯ ಪೌರನಾಗಿ ಅಲ್ಲಿಯ ನ್ಯಾಯಕ್ಕೆ ಅಲ್ಲಿಯ ನೆರೆಹೊರೆಗೆ ನಿಷ್ಠನಾಗಿರಬೇಕು. ಅವನನ್ನು ‘ಒಳಗೊಳಗೆ ನೀನು ಇಲ್ಲಿಯವನೇ’ ಎಂದು ಪ್ರತಿ ಬೇಸಿಗೆಯಲ್ಲೂ ಎಳೆಯುವುದು ಪ್ರೀತಿಯಂತೆ ಕಂಡರೂ ನ್ಯಾಯವಲ್ಲ. 2015ರ ನವೆಂಬರ್ 14ರಂದು ಲಂಡನ್ನಿನಲ್ಲಿ ಥೇಮ್ಸ್ ನದಿಯ ದಡದ ಮೇಲೆ ಬಸವಣ್ಣನವರ ಪ್ರತಿಮೆ ಅನಾವರಣಗೊಂಡಿತು. ಅದಕ್ಕಾಗಿ ಶ್ರಮಿಸಿದ ಕಲಬುರಗಿ ಮೂಲದ ಡಾ. ನೀರಜ್ ಪಾಟೀಲರು ಅದೇ ಲ್ಯಾಂಬೆತ್ ಪ್ರದೇಶದ ಮೇಯರ್ ಆಗಿದ್ದವರು. ಅವರು ಕನ್ನಡಿಗರಾಗಿದ್ದರಿಂದ ಪ್ರತಿಮೆಯ ಯೋಚನೆ ಬಂದಿತು. ಅಲ್ಲಿಯ ಸಾರ್ವಜನಿಕ ಜೀವನದಲ್ಲಿ ಬೆರೆತಿದ್ದರಿಂದ ಅದಕ್ಕೆ ಜಾಗ ಸಿಕ್ಕಿತು. ಹೊಳೆನರಸೀಪುರದ ಆ ತಾಯಿ ಹೇಳಿದ್ದೂ ಇದನ್ನೇ.

ಅರಕಲಗೂಡಿನಿಂದ ಹಾಸನಕ್ಕೆ ಬರುವ ದಾರಿಯಲ್ಲಿ ಗೊರೂರು. ತಮಿಳು ಮೂಲದ ಶ್ರೀವೈಷ್ಣವ ಮನೆತನದ ಗೊರೂರು ರಾಮಸ್ವಾಮಿ ಅಯ್ಯಂಗಾರರು 1904ರಲ್ಲಿ ಇಲ್ಲಿ ಹುಟ್ಟಿದರು. ನಮ್ಮ ಹಳ್ಳಿಗಳ ನಗುವನ್ನೂ ನೋವನ್ನೂ ಅವರಷ್ಟು ಸಹಜವಾಗಿ ಕನ್ನಡದಲ್ಲಿ ತಂದವರು ವಿರಳ. ಇಳಿವಯಸ್ಸಿನಲ್ಲಿ ಅಮೆರಿಕಕ್ಕೆ ಹೋಗಿಬಂದು ಬರೆದ ‘ಅಮೆರಿಕದಲ್ಲಿ ಗೊರೂರು’ ಪುಸ್ತಕಕ್ಕೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ತಮ್ಮ ಹೆಸರನ್ನಿಡದೆ ಊರಿನ ಹೆಸರನ್ನೇ ಶೀರ್ಷಿಕೆಯಲ್ಲಿಟ್ಟರೆಂಬುದು ನಮಗೆ ಬಹಳ ಇಷ್ಟವಾದ ವಿಷಯ. ಅವರ ಊರಿನ ಬಳಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣವಾಗಿ ಹಿನ್ನೀರಿನಲ್ಲಿ ಹಳ್ಳಿಗಳು ಮುಳುಗಿದವು. ಫ್ರೆಂಚ್ ಪಾದ್ರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಶೆಟ್ಟಿಹಳ್ಳಿಯಲ್ಲಿ ಕಟ್ಟಿಸಿದ ಇಗರ್ಜಿಯು ಮಳೆಗಾಲದಲ್ಲಿ ಅರ್ಧ ನೀರಿನಲ್ಲಿ ನಿಂತು ಬೇಸಿಗೆಯಲ್ಲಿ ಪೂರ್ತಿ ಕಾಣುತ್ತದೆ. ನಾವು ಹೋದಾಗ ನೀರು ತುಂಬಿತ್ತು.

ಬಸ್ ನಿಲ್ದಾಣದ ಬಳಿ ಒಬ್ಬ ವೃದ್ಧರು ಮೊಮ್ಮಗಳ ಮದುವೆಯ ಕರೆಯೋಲೆ ಹಂಚುತ್ತಿದ್ದರು. ವಿಭೂತಿ ಕಂಡು ನಮಗೂ ಒಂದನ್ನು ಕೊಟ್ಟರು. ಅವರ ಹೆಸರಿನ ಕೆಳಗೆ ಎರಡು ಊರುಗಳು ಅಚ್ಚಾಗಿದ್ದವು. ಒಂದು ಪುನರ್ವಸತಿಯಲ್ಲಿ ಸಿಕ್ಕ ಊರು, ರೇಷನ್ ಕಾರ್ಡಿನಲ್ಲಿ ಇರುವಂಥದು. ಇನ್ನೊಂದು ನೀರಿನಡಿಯಲ್ಲಿರುವ ಹಳ್ಳಿ. ‘ಮದುಮಗಳು ಆ ಊರು ನೋಡಿದ್ದಾಳೆಯೇ?’ ಎಂದು ಕೇಳಿದೆವು. ‘ಇಲ್ಲ ಬುದ್ಧಿ, ಅವರಪ್ಪನೇ ಸರಿಯಾಗಿ ನೋಡಿಲ್ಲ. ಆದರೂ ಹಾಕಿಸಲೇಬೇಕು ಅಂತ ಅವಳೇ ಹಟ ಹಿಡಿದಳು’ ಎಂದು, ಮುಹೂರ್ತ ಹತ್ತೂವರೆಗೆ ಎಂಬುದನ್ನು ಬೆರಳಿಟ್ಟು ತೋರಿಸಿ, ಮುಂದಿನ ಅಂಗಡಿಯತ್ತ ನಡೆದರು.